ಜಾತ್ರೆಯಲ್ಲಿ ಕೊಂಡ ಎರಡು ‘ನ್ಯಾನೋ’ ಬಾಟ್ಲಿ: ಒಂದು ತಿಂಗಳು ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಕೊಂಡದ್ದು ನಾನಲ್ಲ, ನಮ್ಮ ಆಯಿ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ದೇವಿಯ ದರ್ಶನ ಮುಗಿಸಿ, ಬಿಡ್ಕಿಬೈಲಿನ ಆ ಜನಜಂಗುಳಿಯಲ್ಲಿ ಮಗನಿಗೆ ಐಸ್‌ಕ್ರೀಮ್ ಕೊಡಿಸಲು ನಾನು ಸಾಲಿನಲ್ಲಿ ನಿಂತಿದ್ದು ಹತ್ತೇ ನಿಮಿಷ. ಅಷ್ಟರಲ್ಲಿ ಆಯಿ ಒಂದು ಮಳಿಗೆಯಿಂದ ಎರಡು ಬಾಟ್ಲಿ ಹಿಡಿದು ಬಂದಳು. ಒಂದು ‘ನ್ಯಾನೋ ಸಿಲ್ವರ್ ಆ್ಯಂಟಿವೈರಲ್ ಸ್ಪ್ರೇ’, 100 ಮಿಲಿ. ಇನ್ನೊಂದು ‘ನ್ಯಾನೋ ಅರಿಶಿನ ಹನಿ’, 30 ಮಿಲಿ. ಬಿಡಿಯಾಗಿ ತಗೊಂಡರೆ 1,400 ರೂಪಾಯಿ, ಜಾತ್ರೆ ಆಫರ್ ಅಂತ 1,150.

“ಮಂಗನ ಕಾಯ್ಲೆಗೂ ಆಗ್ತಡ ಕೂಸೇ” ಅಂದಳು. ನಮ್ಮದು ಸಿದ್ದಾಪುರ ತಾಲೂಕು. ಇಲ್ಲಿ ಆ ಹೆಸರು ಹೇಳಿದರೆ ಯಾರ ಕೈಯೂ ಪರ್ಸಿಗೆ ಹೋಗುತ್ತದೆ. ಮಾರುವವನಿಗೆ ಅದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ನಾನು ಎಂ.ಫಾರ್ಮ್ ಓದಿದವಳು. ಊರಿಗೆ ವಾಪಸ್ ಬರುವ ಮೊದಲು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದೆ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಯೊಳಗೆ ಔಷಧಿ ತುಂಬಿಸುವುದು. ಹಾಗಾಗಿ ಬಾಟ್ಲಿ ನೋಡಿದ ಕೂಡಲೇ ಬೈಯಬೇಕು ಅನ್ನಿಸಿತು. ಆದರೆ ಬಳಸದೇ ಬೈಯುವುದು ಸರಿಯಲ್ಲ ಅಲ್ವಾ. ಒಂದು ತಿಂಗಳು ಮನೆಯಲ್ಲಿಟ್ಟುಕೊಂಡು, ಲೇಬಲ್ ಓದಿ, ಮೂಸಿ, ಅಡುಗೆಮನೆಯಲ್ಲಿ ಆಗುವಷ್ಟು ಪರೀಕ್ಷೆ ಮಾಡಿ ಈಗ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ.

ಮೊದಲು ಸ್ಪ್ರೇ.

‘ನ್ಯಾನೋ’ ಅಂದರೆ ಆಯಿಗೆ ಗೊತ್ತಿದ್ದದ್ದು ಟಾಟಾದವರ ಸಣ್ಣ ಕಾರು. ಆಮೇಲೆ ಸೊಸೈಟಿಯಲ್ಲಿ ನ್ಯಾನೋ ಯೂರಿಯಾ ಬಂತು. ಶಬ್ದ ಹೀಗೆ ತೋಟದವರೆಗೆ ಇಳಿದಿದೆ, ಅರ್ಥ ಮಾತ್ರ ಇಳಿದಿಲ್ಲ. ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ನ್ಯಾನೋಮೀಟರ್. ತಲೆಕೂದಲಿನ ದಪ್ಪವೇ ಸುಮಾರು 80 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್. ಕೊರೊನಾ ವೈರಸ್ ಸುಮಾರು 100. ಸಾಮಾನ್ಯವಾಗಿ 1ರಿಂದ 100ರ ಒಳಗೆ ಇದ್ದರೆ ನ್ಯಾನೋ ಅನ್ನುತ್ತಾರೆ. ಅದೊಂದು ಅಳತೆ, ಅಷ್ಟೇ. ಸೇರು, ಪಾವು ಇದ್ದಹಾಗೆ. ಪಾವಿನಲ್ಲಿ ಅಕ್ಕಿಯನ್ನೂ ಅಳೆಯಬಹುದು, ಮರಳನ್ನೂ ಅಳೆಯಬಹುದು.

ಬೆಳ್ಳಿಯ ಸಣ್ಣ ಕಣಕ್ಕೆ ವೈರಸ್ ಎದುರಿಸುವ ಗುಣ ಇಲ್ಲ ಅಂತ ನಾನು ಹೇಳುತ್ತಿಲ್ಲ. 2005ರಲ್ಲೇ ಒಂದು ಅಧ್ಯಯನ ಬಂದಿತ್ತು, 1ರಿಂದ 10 ನ್ಯಾನೋಮೀಟರಿನ ಬೆಳ್ಳಿ ಕಣಗಳು ಎಚ್‌ಐವಿ ವೈರಸ್ಸಿನ ಹೊರಮೈಗೆ ಅಂಟಿಕೊಂಡು ಅದು ಜೀವಕೋಶಕ್ಕೆ ಹತ್ತದಂತೆ ತಡೆದಿದ್ದವು. ಲ್ಯಾಬಿನ ತಟ್ಟೆಯಲ್ಲಿ. 2009ರಲ್ಲಿ ಬಂದ ಟಾಟಾ ಸ್ವಚ್ಛ್ ಫಿಲ್ಟರಿನಲ್ಲೂ ಭತ್ತದ ಹೊಟ್ಟಿನ ಬೂದಿಗೆ ನ್ಯಾನೋ ಬೆಳ್ಳಿ ಹಚ್ಚಿರುತ್ತಿತ್ತು, ನೀರಿನ ಬ್ಯಾಕ್ಟೀರಿಯಾ ಕೊಲ್ಲಲಿಕ್ಕೆ. ಅಂದರೆ ವಿಷಯ ಸುಳ್ಳಲ್ಲ. ಈ ಬಾಟ್ಲಿಯಲ್ಲಿ ಅದು ಇದೆಯಾ, ಇದ್ದರೆ ಎಷ್ಟಿದೆ, ಅದು ನನಗೆ ಬೇಕಾದದ್ದು.

ನ್ಯಾನೋ ಬೆಳ್ಳಿ ಮಾಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ: ಅದು ಬೆಳ್ಳಿಯ ಹಾಗೆ ಬೆಳ್ಳಗೆ ಇರುವುದಿಲ್ಲ. ತೆಳು ಜೇನಿನ ಬಣ್ಣ. ಕಣ ದೊಡ್ಡದಾದ ಹಾಗೆ ಬಣ್ಣ ಕಂದಿನ ಕಡೆಗೆ ತಿರುಗುತ್ತದೆ. ನಮ್ಮ ಸ್ಪ್ರೇ ಬಾವಿ ನೀರಿನ ಹಾಗೆ ಸ್ವಚ್ಛ. ತುಂಬಾ ತೆಳ್ಳಗೆ ಮಾಡಿದರೆ ಬಣ್ಣ ಕಾಣಲಿಕ್ಕಿಲ್ಲ, ಒಪ್ಪಿದೆ. ಹಾಗಾಗಿ ಮಗ ಅದೇ ಜಾತ್ರೆಯಲ್ಲಿ 50 ರೂಪಾಯಿಗೆ ಕೊಂಡ ಲೇಸರ್ ತಗೊಂಡು ರಾತ್ರಿ ಲೈಟ್ ಆರಿಸಿ ನೋಡಿದೆ. ಒಂದು ಲೋಟದಲ್ಲಿ ನೀರು, ಇನ್ನೊಂದರಲ್ಲಿ ಎರಡು ಹನಿ ಹಾಲು ಬಿಟ್ಟ ನೀರು, ಮೂರನೆಯದರಲ್ಲಿ ಸ್ಪ್ರೇ. ಹಾಲಿನ ನೀರಿನಲ್ಲಿ ಕೆಂಪು ಗೆರೆ ಎದ್ದು ಕಂಡಿತು, ಯಾಕೆಂದರೆ ಕಣಗಳು ಬೆಳಕನ್ನು ಚದುರಿಸುತ್ತವೆ. ಸ್ಪ್ರೇಯಲ್ಲಿ ಏನೂ ಇಲ್ಲ. ಇದು ಕೊನೆಯ ತೀರ್ಪಲ್ಲ, ತೀರಾ ಸಣ್ಣ ಕಣ ತೀರಾ ಕಡಿಮೆ ಇದ್ದರೆ ಈ ಲೇಸರಿಗೆ ಸಿಗುವುದಿಲ್ಲ. ಆದರೆ ಅಂಗೈಗೆ ಹೊಡೆದುಕೊಂಡರೆ ತಣ್ಣಗಾಗಿ ಅರೆಕ್ಷಣದಲ್ಲಿ ಆರುತ್ತದೆ, ಸ್ಪಿರಿಟ್ ವಾಸನೆ, ಅದರ ಮೇಲೆ ಲಿಂಬೆಹುಲ್ಲಿನ ಪರಿಮಳ. ಲೇಬಲ್ಲಿನಲ್ಲಿ ನೀರು, ಆಲ್ಕೋಹಾಲ್, ಸುಗಂಧ, ಕಟ್ಟಕಡೆಗೆ ನ್ಯಾನೋ ಸಿಲ್ವರ್. ಆಲ್ಕೋಹಾಲ್ ಸಾಕಷ್ಟಿದ್ದರೆ ಕೊರೊನಾ ವೈರಸ್ ಸಾಯುವುದು ನಿಜ. ಅದಕ್ಕೆ ಬೆಳ್ಳಿ ಬೇಕಾಗಿಲ್ಲ, ಮೆಡಿಕಲ್ ಶಾಪಿನ ಸ್ಯಾನಿಟೈಸರ್ ಸಾಕು.

‘99.9% ವೈರಸ್ ನಾಶ’ ಅಂತ ದೊಡ್ಡ ಅಕ್ಷರ. ಕೆಳಗೆ ಇರುವೆ ಕಾಲಿನಂಥ ಅಕ್ಷರದಲ್ಲಿ ಐಎಸ್‌ಒ 21702 ಪರೀಕ್ಷೆಯ ಹೆಸರು. ಆ ಪರೀಕ್ಷೆ ನಿಜವಾದದ್ದೇ. ಒಂದು ಪ್ಲಾಸ್ಟಿಕ್ ತುಂಡಿನಂಥ ಮೇಲ್ಮೈಗೆ ವೈರಸ್ ಇರುವ ದ್ರವ ಹಾಕಿ, ಮುಚ್ಚಿಟ್ಟು, 24 ಗಂಟೆ ಬಿಟ್ಟು ಎಷ್ಟು ಉಳಿದಿದೆ ನೋಡುವುದು. 24 ಗಂಟೆ! ನಮ್ಮ ಮನೆ ಬಾಗಿಲ ಚಿಲಕ 24 ನಿಮಿಷ ಯಾರೂ ಮುಟ್ಟದೇ ಇದ್ದದ್ದು ನನಗೆ ನೆನಪಿಲ್ಲ.

ಇನ್ನು ಮಂಗನ ಕಾಯಿಲೆ. ಇಲ್ಲಿ ನನಗೆ ನಿಜವಾಗಿ ಸಿಟ್ಟು ಬಂದದ್ದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಅಂದರೆ ನಮ್ಮ ಪಕ್ಕದ ತಾಲೂಕು. ಆ ವೈರಸ್ ಚಿಲಕದ ಮೇಲೆ, ಅಂಗಿಯ ಮೇಲೆ ಕೂತು ಬರುವುದಿಲ್ಲ. ಉಣುಗು, ಅಂದರೆ ಉಣ್ಣೆ ಹುಳ, ಅದರ ಹೊಟ್ಟೆಯಲ್ಲಿ ಇರುತ್ತದೆ. ಸೊಪ್ಪಿನ ಬೆಟ್ಟಕ್ಕೆ ದರಕು, ಅಂದರೆ ಒಣ ಎಲೆ, ಗುಡಿಸಿ ತರಲು ಹೋದಾಗ ಉಣುಗು ಕಾಲಿಗೆ ಹತ್ತಿ ಕಚ್ಚುತ್ತದೆ, ಅದರ ಎಂಜಲಿನ ಜೊತೆ ವೈರಸ್ ನೇರ ಚರ್ಮದೊಳಗೆ ಇಳಿಯುತ್ತದೆ. ಚರ್ಮದ ಹೊರಗೆ ಬೆಳ್ಳಿ ಬಳಿದುಕೊಂಡು ಕೂತರೆ ಅದಕ್ಕೇನು? ಕಳ್ಳ ಸುರಂಗ ತೋಡಿ ಒಳಗೆ ಬರುವಾಗ ನಾವು ಹೆಬ್ಬಾಗಿಲಿಗೆ ಬೀಗ ಹಾಕಿದ ಹಾಗಾಯಿತು. ಬೇಕಾದದ್ದು ಉಣುಗು ಹತ್ತದ ಹಾಗೆ ಮಾಡುವ ಎಣ್ಣೆ. ಅದು ಡೆಪಾ ಎಣ್ಣೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಂಡುಹಿಡಿದದ್ದು. ನಮ್ಮ ಕಡೆ ಆಶಾ ಕಾರ್ಯಕರ್ತೆಯರೇ ಮನೆಗೆ ತಂದು ಕೊಡುತ್ತಾರೆ. ದುಡ್ಡಿಲ್ಲ. ಜಿಡ್ಡು ಜಿಡ್ಡು, ಹಾಗಾಗಿ ಯಾರೂ ಖುಷಿಯಿಂದ ಹಚ್ಚಿಕೊಳ್ಳುವುದಿಲ್ಲ, ನಮ್ಮ ಮನೆಯಲ್ಲೇ ಎರಡು ಬಾಟ್ಲಿ ಕಿಟಕಿಯಲ್ಲಿ ಧೂಳು ತಿನ್ನುತ್ತಿವೆ. ಆಯಿ ಅದನ್ನು ಬಿಟ್ಟು ಇದನ್ನು ಹೊಡೆದುಕೊಂಡು ಬೆಟ್ಟಕ್ಕೆ ಹೋಗಿದ್ದರೆ? ಅದನ್ನು ನೆನೆದರೇ ಒಂಥರಾ ಆಗುತ್ತದೆ. ಈ ಕಾಯಿಲೆಗೆ ಅಂತಲೇ ಇರುವ ಆ್ಯಂಟಿವೈರಲ್ ಔಷಧಿ ಇನ್ನೂ ಇಲ್ಲ. ಜ್ವರ, ರಕ್ತಸ್ರಾವ, ನೀರಿನಂಶ ನೋಡಿಕೊಂಡು ಚಿಕಿತ್ಸೆ ಕೊಡುವುದಷ್ಟೇ.

ಮಾರಿದವನು ಇನ್ನೊಂದು ಮಾತು ಹೇಳಿದ್ದನಂತೆ, ಗಂಟಲು ನೋವಿದ್ದರೆ ಬಾಯೊಳಗೂ ಎರಡು ಸಲ ಹೊಡೆದುಕೊಳ್ಳಿ ಅಂತ. ದಯವಿಟ್ಟು ಬೇಡ. ಬೆಳ್ಳಿ ಕಣದ ನೀರನ್ನು ದಿನಾ ಕುಡಿದವರ ಚರ್ಮ ನೀಲಿ ಮಿಶ್ರಿತ ಬೂದಿ ಬಣ್ಣಕ್ಕೆ ತಿರುಗಿದ್ದು ವೈದ್ಯರು ಚೆನ್ನಾಗಿ ಬಲ್ಲ ವಿಷಯ, ಆ ಬಣ್ಣ ಆಮೇಲೆ ಹೋಗುವುದೂ ಕಷ್ಟ. ಇಂಥ ಬೆಳ್ಳಿ ನೀರನ್ನು ಔಷಧಿ ಅಂತ ಮಾರುವುದು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಅಂತ ಅಮೆರಿಕದ ಔಷಧ ಇಲಾಖೆ 1999ರಲ್ಲೇ ಹೇಳಿಯಾಗಿದೆ. ಸ್ಪ್ರೇಗೆ 5ಕ್ಕೆ 1. ಆ ಒಂದೂ ಪರಿಮಳಕ್ಕೆ.

ಎರಡನೆಯ ಬಾಟ್ಲಿ, ಅರಿಶಿನ ಹನಿ, ಸ್ವಲ್ಪ ಕುತೂಹಲದ್ದು. ಇದನ್ನು ಸುಮ್ನೆ ಬೈದು ಮುಗಿಸಲು ಆಗಲಿಲ್ಲ.

ಅರಿಶಿನ ಪುಡಿ ನೀರಿಗೆ ಹಾಕಿದರೆ ಎಷ್ಟು ಕಲಕಿದರೂ ತಳಕ್ಕೆ ಕೂರುತ್ತದೆ. ಅದರ ಸತ್ವ ಕರ್ಕ್ಯುಮಿನ್, ಅದು ಎಣ್ಣೆಗೆ ಒಲಿಯುತ್ತದೆ, ನೀರಿಗೆ ಒಲಿಯುವುದಿಲ್ಲ. ಈ ಹನಿಯನ್ನು ಬಿಟ್ಟರೆ ಲೋಟದ ತುಂಬ ಚಂದದ ತಿಳಿ ಹಳದಿ, ಬೆಳಿಗ್ಗೆಯವರೆಗೂ ತಳ ಕಾಣಲಿಲ್ಲ. ಬರೀ ಬಣ್ಣ ಹಾಕಿರಬಹುದಾ ಅಂತ ಅನುಮಾನ ಬಂತು. ಆರತಿಗೆ ಓಕುಳಿ ಮಾಡುವವರಿಗೆ ಇದರ ಪರೀಕ್ಷೆ ಹೇಳಿಕೊಡಬೇಕಾಗಿಲ್ಲ. ಎಲೆ ಅಡಿಕೆ ತಟ್ಟೆಯಿಂದ ಚಿಟಿಕೆ ಸುಣ್ಣ ತಂದು ಹಾಕಿದೆ, ಕೂಡಲೇ ಕೆಂಪಾಯಿತು. ಅಂದರೆ ಒಳಗೆ ಅರಿಶಿನ ಇದೆ. ಒಂದು ಅಂಕ ಅವರಿಗೆ.

ಲೇಬಲ್ಲಿನಲ್ಲಿ ಐಎನ್‌ಎಸ್ 433 ಅಂತ ಇದೆ. ಅದು ಪಾಲಿಸಾರ್ಬೇಟ್ 80, ಐಸ್‌ಕ್ರೀಮಿಗೂ ಹಾಕುತ್ತಾರೆ. ಸಾಬೂನಿನ ಹಾಗೆ ಅದರ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಎಣ್ಣೆ ಇಷ್ಟ. ನೀರಿಗೆ ಬಿದ್ದ ಕೂಡಲೇ ಹತ್ತಾರು ಅಣು ಸೇರಿ ಸುಮಾರು 10 ನ್ಯಾನೋಮೀಟರಿನ ಉಂಡೆ ಕಟ್ಟುತ್ತವೆ, ಕರ್ಕ್ಯುಮಿನ್ ಒಳಗೆ ಹೋಗಿ ಕೂರುತ್ತದೆ. ಹಾಗಾಗಿ ಇದನ್ನು ‘ನ್ಯಾನೋ’ ಅಂದದ್ದು ಸುಳ್ಳೇನಲ್ಲ, ಮತ್ತು ಹೀಗೆ ಕೊಟ್ಟರೆ ಪುಡಿಗಿಂತ ಜಾಸ್ತಿ ರಕ್ತಕ್ಕೆ ಸೇರುತ್ತದೆ ಅನ್ನುವುದೂ ನಿಜ. ಇಷ್ಟರ ಮಟ್ಟಿಗೆ ಬಾಟ್ಲಿ ಮಾಡಿದವನಿಗೆ ಕೆಲಸ ಗೊತ್ತು.

ಆದರೆ ಆಯಿಯ ಕಷಾಯವೂ ಇದೇ ಕೆಲಸ ಮಾಡುತ್ತದೆ ಮಾರಾಯ್ರೆ, ಬೇರೆ ದಾರಿಯಲ್ಲಿ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಒಂದು ಅಧ್ಯಯನ ಮಾಡಿದರು, ಈಗಲೂ ಈ ವಿಷಯ ಬರೆಯುವವರು ಅದನ್ನು ಎತ್ತದೇ ಬಿಡುವುದಿಲ್ಲ. 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ಜನರ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಕಾಳುಮೆಣಸಿನ ಸತ್ವ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು 2,000% ಜಾಸ್ತಿಯಾಯಿತು. ಲಿವರ್ ಮತ್ತು ಕರುಳು ಕರ್ಕ್ಯುಮಿನ್ನಿಗೆ ಒಂದು ಸಕ್ಕರೆಯಂಥ ಬಾಲ ಅಂಟಿಸಿ ಹೊರಗೆ ಕಳಿಸುತ್ತವೆ, ಪೈಪರಿನ್ ಆ ಕೆಲಸವನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಊರು ನಮ್ಮದು, ಮೆಣಸಿನ ಬಳ್ಳಿ ಇಲ್ಲದ ಅಡಿಕೆ ತೋಟ ಇಲ್ಲಿ ಹುಡುಕಬೇಕು.

ಹಾಗಂತ ಕಷಾಯ ವೈರಸ್ ಕೊಲ್ಲುತ್ತದೆ ಅಂತಲೂ ಹೇಳುವುದಿಲ್ಲ. ಲ್ಯಾಬಿನ ತಟ್ಟೆಯಲ್ಲಿ ಕರ್ಕ್ಯುಮಿನ್ ಎಲ್ಲವನ್ನೂ ಗುಣ ಮಾಡುತ್ತದೆ, ಅದೇ ಅದರ ತೊಂದರೆ. ಅದಕ್ಕೇ ಬಣ್ಣ ಇದೆ, ಬೆಳಕು ಸೂಸುವ ಗುಣ ಇದೆ, ಹೋಗಿ ಹೋಗಿ ಎಲ್ಲ ಪ್ರೋಟೀನಿಗೂ ಅಂಟುತ್ತದೆ, ಹಾಗಾಗಿ ಪರೀಕ್ಷೆಯ ಯಂತ್ರಕ್ಕೇ ಮಂಕು ಹಿಡಿಸುತ್ತದೆ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಇದನ್ನೆಲ್ಲ ಕೂತು ನೋಡಿ, ನಂಬಿಕೊಳ್ಳುವಂಥ ಮದ್ದು ಇದಲ್ಲ ಅಂತ ಬರೆಯಿತು.

ಇನ್ನು ಬಾಟ್ಲಿಯ ತಪ್ಪುಗಳು. ಒಂದು ಹನಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಎಲ್ಲೂ ಇಲ್ಲ. ‘ದಿನಕ್ಕೆ 10 ಹನಿ’ ಅಂದರೆ ಏನರ್ಥ? ಎದುರಿಗೆ ‘ವೈರಸ್ ವಿರುದ್ಧ ಕವಚ’, ಹಿಂದೆ ಆಹಾರದ ಲೈಸೆನ್ಸಿನ 14 ಅಂಕಿ ಮತ್ತು ‘ಔಷಧಿಯಾಗಿ ಬಳಸಲು ಅಲ್ಲ’ ಅನ್ನುವ ಸಾಲು. ಎದುರಿನವನಿಗೂ ಹಿಂದಿನವನಿಗೂ ಮಾತುಕತೆ ಇದ್ದ ಹಾಗಿಲ್ಲ. ‘ತಂಪು, ಕತ್ತಲೆ ಜಾಗದಲ್ಲಿಡಿ’ ಅಂತ ಬರೆದದ್ದನ್ನು ಜಾತ್ರೆಯ ಬಿಸಿಲಲ್ಲಿ ಪಾರದರ್ಶಕ ಬಾಟ್ಲಿಯಲ್ಲಿ ಸಾಲಾಗಿ ಜೋಡಿಸಿದ್ದರು. ಕರ್ಕ್ಯುಮಿನ್ನಿಗೆ ಬೆಳಕು ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಆಯಿ ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಎರಡೂ ತಗೊಳ್ಳುವವಳು. ಜಾಸ್ತಿ ಕರ್ಕ್ಯುಮಿನ್ ಆ ಮಾತ್ರೆಗಳ ಜೊತೆ ಜಗಳ ಮಾಡಬಹುದು. 2019ರಲ್ಲಿ ಇಟಲಿಯಲ್ಲಿ ಇಂಥ ಅರಿಶಿನ ಸಪ್ಲಿಮೆಂಟ್ ತಗೊಂಡ ಕೆಲವರಿಗೆ ಲಿವರ್ ಊದಿ ಅಲ್ಲಿನ ಸರ್ಕಾರವೇ ಎಚ್ಚರಿಕೆ ಕೊಟ್ಟಿತ್ತು. ಸಾರಿಗೆ ಹಾಕುವ ಅರಿಶಿನದಿಂದ ಅಲ್ಲ, ಹೀಗೆ ದೇಹಕ್ಕೆ ಚೆನ್ನಾಗಿ ಸೇರುವ ಹಾಗೆ ಮಾಡಿದ ದೊಡ್ಡ ಡೋಸಿನಿಂದ. ಚೆನ್ನಾಗಿ ಸೇರುತ್ತದೆ ಅನ್ನುವುದನ್ನು ನಾವು ಯಾವಾಗಲೂ ಒಳ್ಳೆಯ ಸುದ್ದಿ ಅಂತ ತಿಳಿಯುತ್ತೇವೆ. ವಿಷವೂ ಚೆನ್ನಾಗಿಯೇ ಸೇರುತ್ತದೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಪಾಪ, ಚಿಕ್ಕ ಹುಡುಗ, ಮರ್ಯಾದೆಯಿಂದ ಮಾತಾಡಿದ. ಕಣದ ಅಳತೆ ಎಷ್ಟು ಅಂದೆ. “ತುಂಬಾ ಸಣ್ಣದು ಮೇಡಂ” ಅಂದ. ಸಣ್ಣದು ಅಂದರೆ ಎಷ್ಟು, ಆರು ತಿಂಗಳಾದ ಮೇಲೂ ಅಷ್ಟೇ ಇರುತ್ತದಾ ಅಂದೆ. “ಅದಕ್ಕಿಂತ ಸಣ್ಣದಾಗುತ್ತದೆ ಮೇಡಂ” ಅಂದ. ನಗು ತಡೆಯಲು ಆಗಲಿಲ್ಲ. ನಮ್ಮ ಲ್ಯಾಬಿನಲ್ಲಿ ಇದೇ ಪ್ರಶ್ನೆಗೆ ಎಷ್ಟು ರಾತ್ರಿ ಹೋಗಿವೆ! ಕೊಬ್ಬಿನ ಗುಳ್ಳೆಗಳು ಮೊದಲು ಹಾಲಿನಂತಿರುತ್ತವೆ, ಅವನ್ನು 100 ನ್ಯಾನೋಮೀಟರ್ ತೂತಿನ ಜಾಲರಿಯಲ್ಲಿ ಹತ್ತು ಇಪ್ಪತ್ತು ಸಲ ಒತ್ತಿ ಒತ್ತಿ ದಾಟಿಸಿದರೆ ನೀಲಿ ಛಾಯೆಯ ತೆಳು ನೀರಾಗುತ್ತದೆ. ಆ ನೀಲಿ ಕಂಡರೆ ಊಟ ಮಾಡಿದಷ್ಟು ಖುಷಿ. ಮೂರು ವಾರ ಬಿಟ್ಟು ಫ್ರಿಜ್ ತೆಗೆದರೆ ಗುಳ್ಳೆಗಳು ಒಂದಕ್ಕೊಂದು ಅಂಟಿ ಮತ್ತೆ ಮೊಸರು. ಸಣ್ಣದು ತಾನಾಗಿ ಇನ್ನೂ ಸಣ್ಣದಾದದ್ದು ನಾನು ಒಮ್ಮೆಯೂ ನೋಡಲಿಲ್ಲ. ಭಾರತ ಸರ್ಕಾರ 2019ರ ಅಕ್ಟೋಬರಿನಲ್ಲೇ ನ್ಯಾನೋ ಔಷಧಿಗಳನ್ನು ಹೇಗೆ ಅಳೆದು ನೋಡಬೇಕು ಅಂತ ಮಾರ್ಗಸೂಚಿ ತಂದಿದೆ. ಆಹಾರದ ಲೈಸೆನ್ಸಿನಲ್ಲಿ ಮಾರುವವರು ಅದರ ಹತ್ತಿರವೇ ಸುಳಿಯುವುದಿಲ್ಲ.

ಇದೆಲ್ಲ ಓದಿ ನ್ಯಾನೋ ಅಂದರೆ ಮೋಸ ಅಂತ ತಿಳಿಯಬೇಡಿ, ಅದಕ್ಕೇ ಇಷ್ಟು ಬರೆಯುತ್ತಿರುವುದು. 2021ರಲ್ಲಿ ಕೊರೊನಾ ಆದವರಿಗೆ ಬ್ಲ್ಯಾಕ್ ಫಂಗಸ್ ಬಂತಲ್ಲ, ಆಗ ಎಲ್ಲರೂ ಹುಡುಕಿದ ಇಂಜೆಕ್ಷನ್ ಲೈಪೋಸೋಮಲ್ ಆಂಫೊಟೆರಿಸಿನ್. ನಮ್ಮ ಪೈಕಿಯ ಒಬ್ಬರಿಗೆ ಅಂತ ಹುಬ್ಬಳ್ಳಿ, ಮಣಿಪಾಲ, ಗೋವಾ ಎಲ್ಲ ಕಡೆ ಎರಡು ದಿನ ಫೋನ್ ಮಾಡಿದ್ದೆವು. ಅದೇ ನ್ಯಾನೋ ಔಷಧಿ. ಆಂಫೊಟೆರಿಸಿನ್ ಹಳೆಯ ಮದ್ದು, ಶಿಲೀಂಧ್ರವನ್ನು ಕೊಲ್ಲುವ ಜೊತೆ ಕಿಡ್ನಿಯನ್ನೂ ಹಾಳು ಮಾಡುತ್ತಿತ್ತು. ಅದನ್ನೇ ಕೊಬ್ಬಿನ ಗುಳ್ಳೆಯಲ್ಲಿ ಸುತ್ತಿ ಕೊಟ್ಟರೆ ಕಿಡ್ನಿಗೆ ಏಟು ಕಡಿಮೆ.

ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ, 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮದ್ದು ಎಲ್ಲರದೂ ಅದೇ. ಮಳೆಗೆ ತೊಳೆದುಹೋಗದ ಹಾಗೆ ರಾಳದ ಅಂಟು ಸೇರಿಸಿದ್ದೀರಾ, ಮರ ಹತ್ತುವ ಕೊನೆಗೌಡ ಮೇಲೆ ಹೋಗಿ ಅಡಿಕೆ ಗೊಂಚಲಿಗೇ ಬೀಳುವ ಹಾಗೆ ಹೊಡೆದನಾ ಅಥವಾ ಸೋಗೆಗೆ ಹೊಡೆದು ಇಳಿದನಾ, ಫಸಲು ಉಳಿಯುವುದು ಅದರ ಮೇಲೆ. ನ್ಯಾನೋ ಅನ್ನುವುದು ಮೈಲುತುತ್ತ ಅಲ್ಲ, ಅದು ಅಂಟು ಮತ್ತು ಕೊನೆಗೌಡ. ಅಂಟಿನ ಡಬ್ಬ ಮಾತ್ರ ತೋರಿಸಿ ಕೊಳೆ ಹೋಗುತ್ತದೆ ಅಂದರೆ ನಂಬುತ್ತೀರಾ?

ಮತ್ತು ಕೊನೆಗೌಡನಿಗೂ ಗುರಿ ಸುಲಭವಲ್ಲ. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಡಾಕ್ಸಿಲ್ ಅನ್ನುವ ಕ್ಯಾನ್ಸರ್ ಮದ್ದು ಈ ದಾರಿಯ ಮೊದಲ ದೊಡ್ಡ ಗೆಲುವು. ಆದರೂ 2016ರಲ್ಲಿ ಹತ್ತು ವರ್ಷದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದಾಗ, ರಕ್ತಕ್ಕೆ ಬಿಟ್ಟ ನ್ಯಾನೋ ಕಣಗಳಲ್ಲಿ ಗೆಡ್ಡೆಗೆ ಮುಟ್ಟಿದ್ದು ಸುಮಾರು 0.7%. ನೂರಕ್ಕೆ ಒಂದೂ ಇಲ್ಲ. ಉಳಿದದ್ದರಲ್ಲಿ ಬಹಳಷ್ಟನ್ನು ಲಿವರ್ ಹಿಡಿದು ನುಂಗುತ್ತದೆ.

ವೈರಸ್ಸಿನ ಕಡೆ ನೋಡಿದರೆ ಕೊರೊನಾದ ಎಂಆರ್‌ಎನ್‌ಎ ಲಸಿಕೆ ಎಲ್ಲರಿಗೂ ಗೊತ್ತು, ಅದಕ್ಕೆ ದಾರಿ ಮಾಡಿದ ಕಟಾಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ ಅವರಿಗೆ 2023ರಲ್ಲಿ ನೊಬೆಲ್ ಬಂತು. ಎಂಆರ್‌ಎನ್‌ಎ ಅಂದರೆ ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಹೇಳುವ ಅಣು, ಅದು ಬರಿಗೈಯಲ್ಲಿ ದೇಹಕ್ಕೆ ಹೋದರೆ ನಿಮಿಷಗಳಲ್ಲಿ ಚೂರಾಗುತ್ತದೆ. ನಾಲ್ಕು ಬಗೆಯ ಕೊಬ್ಬು ಸೇರಿಸಿ ಮಾಡಿದ ಕೊಟ್ಟೆಯೊಳಗೆ ಕಡುಬಿನ ಹಿಟ್ಟಿನ ಹಾಗೆ ಕೂರಿಸಿದ್ದರಿಂದ ಉಳಿಯಿತು. ನಮ್ಮ ಪುಣೆಯ ಜೆನೋವಾದವರು 2022ರಲ್ಲಿ ತಂದ ಜೆಮ್ಕೊವ್ಯಾಕ್ ಇನ್ನೂ ಸ್ವಲ್ಪ ಬೇರೆ, ನ್ಯಾನೋ ಎಣ್ಣೆ ಹನಿಗೆ ಎಂಆರ್‌ಎನ್‌ಎ ಅಂಟಿಸಿ, ಮಾಮೂಲಿ ಫ್ರಿಜ್ಜಿನ 2ರಿಂದ 8 ಡಿಗ್ರಿಯಲ್ಲೇ ಇಡುವ ಹಾಗೆ ಮಾಡಿದರು. ಇನ್ನು ಎಚ್‌ಐವಿಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಜೋಡಿ ಇಂಜೆಕ್ಷನ್ ಇದೆ, ಕ್ಯಾಬೊಟೆಗ್ರಾವಿರ್ ಮತ್ತು ರಿಲ್ಪಿವಿರಿನ್. ಔಷಧಿಯನ್ನೇ ನ್ಯಾನೋ ಹರಳಾಗಿ ಅರೆದು ಸ್ನಾಯುವಿಗೆ ಕೊಡುತ್ತಾರೆ, ಅದು ಅಲ್ಲೇ ಕೂತು ನಿಧಾನ ಕರಗುತ್ತದೆ. ದಿನಾ ಮಾತ್ರೆ ನುಂಗುವ ಬದಲು ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ. ಮಾತ್ರೆ ಡಬ್ಬ ಮನೆಯವರ ಕಣ್ಣಿಗೆ ಬೀಳಬಾರದು ಅಂತ ಹೆದರುವವರಿಗೆ ಇದು ಎಂಥ ಸಮಾಧಾನ ಅಂತ ಯೋಚಿಸಿ. ನ್ಯಾನೋ ಆ್ಯಂಟಿವೈರಲ್ ಅಂದರೆ ನನ್ನ ಕಣ್ಣ ಮುಂದೆ ಬರುವುದು ಅದು. ಅದರ ಡಬ್ಬದ ಮೇಲೆ ‘ನ್ಯಾನೋ’ ಅಂತ ಮಿನುಗುವ ಅಕ್ಷರ ಇಲ್ಲ.

ಹನಿಗೆ 5ಕ್ಕೆ 2. ಒಳಗೆ ಅರಿಶಿನ ಇದ್ದದ್ದಕ್ಕೆ ಒಂದು, ಕರಗಿಸಿದ ಕೈಚಳಕಕ್ಕೆ ಒಂದು. ಮಿಲಿಗ್ರಾಂ ಬರೆದಿದ್ದರೆ ಇನ್ನೊಂದು ಕೊಡುತ್ತಿದ್ದೆ.

ದುಡ್ಡು ವಾಪಸ್ ಸಿಗುವುದಿಲ್ಲ, ಜಾತ್ರೆ ಮಳಿಗೆ ಕಿತ್ತು ಆಗಲೇ ತಿಂಗಳಾಯಿತು. ಸ್ಪ್ರೇ ಮಗನ ಕನ್ನಡಕ ಒರೆಸಲು ಹೋಗುತ್ತಿದೆ. ಕಿಟಕಿಯ ಡೆಪಾ ಬಾಟ್ಲಿ ಒರೆಸಿ ಹೊರಬಾಗಿಲ ಪಕ್ಕದ ಗೂಡಿನಲ್ಲಿ, ಬೆಟ್ಟದ ಕತ್ತಿಯ ಜೊತೆಗೇ ಇಟ್ಟಿದ್ದೇನೆ. ಹನಿ ತಗೊಳ್ಳಬೇಡ ಅಂದಾಗ ಆಯಿಗೆ ಬೇಜಾರಾಯಿತು, ಎಸೆಯಲು ಮನಸ್ಸು ಬರಲಿಲ್ಲ. ಮೊನ್ನೆ ಹತ್ತು ಮಂದಿಯ ಚಿತ್ರಾನ್ನಕ್ಕೆ ಆರೇಳು ಹನಿ ಬಿಟ್ಟಳಂತೆ. ಅನ್ನದ ಒಂದು ಅಗುಳೂ ಬಿಳಿ ಉಳಿದಿರಲಿಲ್ಲ, ಅಷ್ಟು ಸಮ ಹಳದಿ. ಬಣ್ಣಕ್ಕಾದರೆ 5ಕ್ಕೆ 5 ಕೊಡಬಹುದು.